ತೊಗರಿಯ ಪೇಟೆಯಲ್ಲಿ ಕಾಲ್ಚೆಂಡಿನ ಲೆಕ್ಕ

ಕಲಬುರಗಿಗೆ ನೆಂಟರು ಬಂದರೆ ಅವರನ್ನು ಎಲ್ಲಿಗೆ ಕರೆದೊಯ್ಯಬೇಕೆಂಬ ಚಿಂತೆ ಈ ಊರಿನವರಿಗಿಲ್ಲ. ಶರಣಬಸವೇಶ್ವರರ ಗುಡಿ, ಅದರ ಬಳಿಯ ಕೆರೆ, ಖ್ವಾಜಾ ಬಂದೇ ನವಾಜರ ದರ್ಗಾ, ಬಹಮನಿ ಸುಲ್ತಾನರ ಕೋಟೆ, ಕೋಟೆಯೊಳಗೆ ೧೩೬೭ರಲ್ಲಿ ಕಟ್ಟಿದ, ತೆರೆದ ಅಂಗಳವಿಲ್ಲದೆ ಇಡಿಯಾಗಿ ಮೇಲ್ಛಾವಣಿ ಹೊದಿಸಿದ ಜಾಮಿ ಮಸೀದಿ - ಇಷ್ಟನ್ನು ನೋಡುವಷ್ಟರಲ್ಲಿ ಇಲ್ಲಿಯ ಬಿಸಿಲು ನೆಂಟರ ಉತ್ಸಾಹವನ್ನು ಇಳಿಸಿರುತ್ತದೆ. ನೆಹರು ಗಂಜನ್ನು ನೋಡಬೇಕೆಂದು ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ, ತೋರಿಸಿದವರನ್ನೂ ಕಂಡಿಲ್ಲ. ಹುಮನಾಬಾದ್ ರಸ್ತೆಯ ಕಡೆಗಿರುವ ಈ ಧಾನ್ಯದ ಪೇಟೆಗೆ ಜನ ಹೋಗುವುದು ವ್ಯವಹಾರಕ್ಕಾಗಿ. ನಾನು ಹೋದುದು ಮಾತ್ರ ಒಂದು ಕೆಂಪು ಅಂಗಿಯ ಕಾರಣದಿಂದ.

ಆ ಅಂಗಿಯ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನಾನು ಈ ಊರಿನ ಕಾಲೇಜೊಂದರಲ್ಲಿ ಕನ್ನಡದ ಅಧ್ಯಾಪಕ. ಹುಟ್ಟಿದ್ದು ತುಮಕೂರಿನ ಕಡೆ. ಏಳು ವರ್ಷಗಳ ಹಿಂದೆ ಇಲ್ಲಿಗೆ ಬಂದಾಗ ಒಂದು ಟ್ರಂಕಿನ ತುಂಬ ಪುಸ್ತಕ ತಂದಿದ್ದೆ. ಹೇಗೂ ಒಂದೆರಡು ವರ್ಷಗಳಲ್ಲಿ ಬೆಂಗಳೂರಿಗೆ ಹೋಗುವವನೇ ಅಲ್ಲವೆ ಎಂದು ಅದನ್ನು ಪೂರ್ತಿ ಬಿಚ್ಚಿರಲಿಲ್ಲ. ಏಳು ವರ್ಷಗಳಾದರೂ ಆ ಟ್ರಂಕು ಮಂಚದ ಕೆಳಗೆ ಹಾಗೆಯೇ ಇದ್ದಿತು. ಕಳೆದ ಸುಗ್ಗಿಯಲ್ಲಿ ಬೆಂಗಳೂರಿನ ಕಾಲೇಜೊಂದರಿಂದ ಸಂದರ್ಶನಕ್ಕೆ ಕರೆ ಬಂದಿತು. ಸಂಬಳ ಹೆಚ್ಚು, ನನ್ನಾಕೆಯ ತವರೂ ಅಲ್ಲಿಯೇ. ಆಕೆ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಆದರೆ ಅಂದಿನಿಂದ ಕಾಫಿ ತುಸು ಚೆನ್ನಾಗಿ ಬರತೊಡಗಿತು!

ಅದೇ ವಾರ ನನ್ನ ತರಗತಿಗೆ ಬಿ.ಎ. ಎರಡನೆಯ ವರ್ಷದ ಹುಡುಗನೊಬ್ಬ ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಇಂಗ್ಲೆಂಡಿನ ಕಾಲ್ಚೆಂಡಿನ ಸಂಘದ ಕೆಂಪು ಅಂಗಿ ತೊಟ್ಟು ಬಂದ. ಬೆನ್ನ ಮೇಲೆ ಹನ್ನೊಂದು ಎಂಬ ಅಂಕಿ. “ಇದೇನಯ್ಯಾ ಹನ್ನೊಂದು?” ಎಂದೆ.

“ರಯನ್ ಗಿಗ್ಸ್ ಅವರದ್ರಿ ಸರ. ೧೯೯೧ರಿಂದ ೨೦೧೪ರ ತನಕ ಒಂದೇ ಟೀಮಿನ್ಯಾಗ ಆಡ್ಯಾರ. ೯೬೩ ಮ್ಯಾಚ್.”

“ಅವರಿಗಿಂತ ಮೊದಲು?”

“ಬಾಬಿ ಚಾರ್ಲ್‌ಟನ್ ಸರ. ೧೯೫೬ರಿಂದ ೧೯೭೩. ೭೫೮ ಮ್ಯಾಚ್, ೨೪೯ ಗೋಲ್. ೧೯೫೮ರಾಗ ಮ್ಯೂನಿಕ್‌ನ್ಯಾಗ ವಿಮಾನ ಬಿತ್ತಲ್ರಿ, ಅದರಾಗ ಉಳದು ಬಂದವ್ರು.”

ಇಲ್ಲಿಂದ ಕೂಗಳತೆಯಲ್ಲಿರುವ ಮಳಖೇಡದಲ್ಲಿ ನೃಪತುಂಗನ ಆಸ್ಥಾನವಿದ್ದ ಕಾಲವನ್ನು ಪರೀಕ್ಷೆಯಲ್ಲಿ ಮುನ್ನೂರು ವರ್ಷ ಹಿಂದುಮುಂದು ಮಾಡಿ ಬರೆದಿದ್ದ ಹುಡುಗ ಇವನೇ! ಇವನ ನೆನಪಿನ ಶಕ್ತಿಗೆ ಯಾವ ಕೊರತೆಯೂ ಇಲ್ಲವೆಂಬುದು ಅಂದು ತಿಳಿಯಿತು. “ಆಯಿತು, ನಮ್ಮ ಕಡೆಯವರು ಯಾರಾದರೂ ಹೀಗೆ ಆಡಿದವರುಂಟೆ?” ಎಂದು ಕೇಳಿದೆ. ಹುಡುಗ ತಲೆ ಕೆರೆದುಕೊಂಡ. “ನಮ್ಮ ಕಡಿ ಯಾರ್ ಅದಾರ್ರಿ ಸರ? ನಮ್ಮಪ್ಪ ಗಂಜಿನ್ಯಾಗ ಹಮಾಲಿ ಮಾಡ್ತಾನ. ಅಲ್ಲಿ ಅಡತ ಅಂಗಡಿಯೊಳಗ ಒಬ್ಬ ಮುನೀಮ ಕಾಕಾ ಅದಾರ. ಫುಟ್‌ಬಾಲ್ ಅಂದ್ರ ಏನರೆ ಹಳೇ ಮಾತು ಹೇಳ್ತಿರ್ತಾರ. ನಾವ್ಯಾರೂ ಕೇಳಂಗಿಲ್ರಿ” ಎಂದ.

ನಾನು ಗಂಜಿಗೆ ಹೋದುದು ಹೀಗೆ.

ಜನವರಿಯ ಗಂಜೆಂದರೆ ಅದೊಂದು ಜಾತ್ರೆ. ಹೊಸ ತೊಗರಿ ಬರುವ ಕಾಲ. ಹಳ್ಳಿಗಳಿಂದ ಬಂದ ಟ್ರಾಕ್ಟರುಗಳು, ಟೆಂಪೋಗಳು, ಲಾರಿಗಳು ಒಂದರ ಬೆನ್ನಿಗೊಂದು ನಿಂತಿರುತ್ತವೆ. ಅಂಗಡಿಗಳ ಮುಂದಿನ ಕಟ್ಟೆಗಳ ಮೇಲೆ ತೊಗರಿಯ ರಾಶಿ. ರಾಶಿಯಿಂದ ಹಿಡಿಯಷ್ಟು ಎತ್ತಿ ಅಂಗೈಯಲ್ಲಿ ಉಜ್ಜಿ ಊದಿ ನೋಡುವ ಖರೀದಿದಾರರು. ಹೆಗಲಿಗೆ ಟವೆಲು, ಕೈಯಲ್ಲಿ ಕೊಕ್ಕೆ ಹಿಡಿದು ಚೀಲಗಳನ್ನು ಹೊರುವ ಹಮಾಲರು. ಚೆಲ್ಲಿದ ಕಾಳನ್ನು ಗುಡಿಸಿ ಮೊರದಲ್ಲಿ ಕೇರುವ ಹೆಂಗಸರು. ಗಾಳಿಯಲ್ಲಿ ಹೊಟ್ಟಿನ ಸಣ್ಣ ಧೂಳು. ನಾವು ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಕುಳಿತು ಸಾರನ್ನ ಉಣ್ಣುವಾಗ ಆ ಬೇಳೆ ಯಾರ ಹೆಗಲೇರಿ ಬಂದಿತೆಂದು ಯೋಚಿಸುವುದಿಲ್ಲ. ೨೦೧೯ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೇಳೆಗೆ ಹೆಸರು ಬಂದಿತು, ಹೊತ್ತವರಿಗೆ ಹೆಸರಿಲ್ಲ. ಅದು ಲೋಕರೂಢಿ.

ಮುನೀಮರು ಅಂಗಡಿಯ ಒಳಮೂಲೆಯಲ್ಲಿ ಗಾದಿಯ ಮೇಲೆ ಕುಳಿತಿದ್ದರು. ವಯಸ್ಸು ಎಂಬತ್ತನಾಲ್ಕು. ಬಿಳಿಯ ಧೋತರ, ಬಿಳಿಯ ಟೊಪ್ಪಿಗೆ. ಲೆಕ್ಕವೆಲ್ಲ ಈಗ ಗಣಕಯಂತ್ರದಲ್ಲಿ. ಆದರೂ ಅವರ ಮುಂದೆ ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕವೊಂದು ತೆರೆದೇ ಇದ್ದಿತು. ಊರು ಕಮಲಾಪುರ. ಇಲ್ಲಿಂದ ಹುಮನಾಬಾದಿನ ದಾರಿಯಲ್ಲಿ ಮೂವತ್ತೈದು ಕಿಲೋಮೀಟರಿನಷ್ಟು ದೂರ. ಕೆಂಪು ಬಾಳೆಹಣ್ಣಿನಿಂದ ಹೆಸರಾದ ಊರದು. ಹದಿನೆಂಟನೆಯ ವಯಸ್ಸಿನಲ್ಲಿ ಈ ಅಂಗಡಿಗೆ ಬಂದವರು. ಸೇಠರ ಮೂರನೆಯ ತಲೆಮಾರಿಗೆ ಲೆಕ್ಕ ಬರೆಯುತ್ತಿದ್ದಾರೆ.

“ಬರ್ರಿ ಸರ, ಕೂಡ್ರಿ” ಎಂದು ಜಾಗ ಮಾಡಿಕೊಟ್ಟರು. ಹುಡುಗ ನನ್ನ ಪ್ರಶ್ನೆಯನ್ನು ಅವರ ಮುಂದಿಟ್ಟ. ಮುನೀಮರು ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು.

“ನೀವು ಕಾಲೇಜಿನಾಗ ಕಲಸೋರು, ಎಲ್ಲಾ ಓದೀರಿ. ಹೈದರಾಬಾದ್ ಸಿಟಿ ಪೊಲೀಸ್ ಟೀಮಿನ ಹೆಸರು ಕೇಳೀರೇನು?”

ನಾನು ಕೇಳಿರಲಿಲ್ಲ. ಎಂ.ಎ. ಪದವಿ ಅಂಥ ಸಮಯಕ್ಕೆ ಒದಗುವುದಿಲ್ಲ.

“ಆಗ ನಮಗ ರಾಜಧಾನಿ ಬೆಂಗಳೂರಲ್ರಿ ಸರ, ಹೈದರಾಬಾದ್. ನಮ್ಮ ಸೋದರಮಾವ ಅಲ್ಲಿ ಪೊಲೀಸಿನ್ಯಾಗ ಇದ್ದ. ರಜಾದಾಗ ಹೋಗ್ತಿದ್ದೆ. ಆ ಟೀಮ್ ಪ್ರಾಕ್ಟೀಸ್ ಮಾಡೋದು ನೋಡೀನಿ. ಚೆಂಡು ಒಬ್ಬನ ಕಾಲಾಗ ನಿಲ್ತಿದ್ದಿಲ್ಲ. ಬಂತು, ಹೋಯ್ತು, ಬಂತು, ಹೋಯ್ತು. ಗಂಜಿನ್ಯಾಗ ಹಮಾಲರು ಸಾಲಾಗಿ ನಿಂತು ಚೀಲಾ ಕೈಯಿಂದ ಕೈಗೆ ದಾಟಿಸ್ತಾರ ನೋಡ್ರಿ, ಹಂಗ.”

ಅಂದು ರಾತ್ರಿ ಮನೆಗೆ ಬಂದು ಪುಸ್ತಕಗಳನ್ನು, ಹಳೆಯ ಪತ್ರಿಕೆಗಳ ಬರಹಗಳನ್ನು ಹುಡುಕಿ ಓದಿದೆ. ಮುನೀಮರ ಮಾತು ಒಂದಿಷ್ಟೂ ಉತ್ಪ್ರೇಕ್ಷೆಯಾಗಿರಲಿಲ್ಲ. ಕಲಬುರಗಿಯ ಸೀಮೆ ೧೯೪೮ರ ಸೆಪ್ಟೆಂಬರ್ ೧೭ರಂದು ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿತಾದರೂ ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದಿತು. ಆ ನಡುವಣ ಎಂಟು ವರ್ಷಗಳು ಹೈದರಾಬಾದಿನ ಕಾಲ್ಚೆಂಡಾಟದ ಸುವರ್ಣಕಾಲ. ೧೯೫೦ರಲ್ಲಿ ಸಿಟಿ ಪೊಲೀಸ್ ತಂಡ ಮೋಹನ್ ಬಗಾನನ್ನು ಸೋಲಿಸಿ ಡ್ಯೂರಾಂಡ್ ಕಪ್ ಗೆದ್ದಿತು. ಅದೇ ವರ್ಷದಿಂದ ೧೯೫೪ರವರೆಗೆ, ಬೊಂಬಾಯಿಯ ರೋವರ್ಸ್ ಕಪ್ಪನ್ನು ಒಂದೂ ವರ್ಷ ಬಿಡದೆ ಐದು ಸಲ ಹೊತ್ತು ತಂದಿತು. ಆಟಗಾರರೆಲ್ಲರೂ ಪೊಲೀಸ್ ಇಲಾಖೆಯ ನೌಕರರು. ನೂರ್ ಮಹಮ್ಮದ್, ಅಜೀಜುದ್ದೀನ್ ಮೊದಲಾದವರು ಬೆಳಿಗ್ಗೆ ಆಟ, ಆಮೇಲೆ ನೌಕರಿ ಎಂದು ವರ್ಷಗಟ್ಟಲೆ ಅದೇ ತಂಡದಲ್ಲಿ ಉಳಿದರು. ಈ ಇಬ್ಬರೂ ೧೯೫೨ರ ಹೆಲ್ಸಿಂಕಿ ಮತ್ತು ೧೯೫೬ರ ಮೆಲ್ಬೋರ್ನ್ ಒಲಿಂಪಿಕ್ಸ್‌ಗಳಲ್ಲಿ ಭಾರತದ ತಂಡದಲ್ಲಿದ್ದರು.

ಈ ತಂಡವನ್ನು ಕಟ್ಟಿದ ಗುರು ಸೈಯದ್ ಅಬ್ದುಲ್ ರಹೀಂ. ಅವರನ್ನು ಕುರಿತ ‘ಮೈದಾನ್’ ಎಂಬ ಹಿಂದಿ ಚಿತ್ರ ೨೦೨೪ರಲ್ಲಿ ಬಂದುದರಿಂದ ಓದುಗರಲ್ಲಿ ಹಲವರಿಗೆ ಅವರ ಹೆಸರು ಪರಿಚಿತವಾಗಿರಬಹುದು. ರಹೀಂ ಮೂಲತಃ ಶಾಲೆಯ ಉಪಾಧ್ಯಾಯರು. ಅವರ ತರಬೇತಿಯ ಕ್ರಮದಲ್ಲಿಯೂ ಮೇಷ್ಟರ ಗುಣವೇ ಎದ್ದು ಕಾಣುತ್ತದೆ. ಹುಡುಗರಿಗಾಗಿ ಅವರು ವಿಚಿತ್ರವಾದ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಒಂದರಲ್ಲಿ ಚೆಂಡನ್ನು ಕಾಲಿನಲ್ಲಿ ಆಡಿಸುತ್ತ ಒಬ್ಬನೇ ಮುಂದೊಯ್ಯುವಂತಿಲ್ಲ, ಜೊತೆಗಾರನಿಗೆ ದಾಟಿಸಲೇಬೇಕು. ಇನ್ನೊಂದರಲ್ಲಿ ರೂಢಿಯ ಕಾಲನ್ನು ಬಳಸುವಂತಿಲ್ಲ. ಬಲಗಾಲಿನವನು ಎಡಗಾಲಿನಿಂದಲೇ ಆಡಬೇಕು. ಇಂಥ ಶಿಕ್ಷಣದಿಂದ ಬಂದವರನ್ನು ಸೇರಿಸಿಕೊಂಡು ಅವರು ೧೯೫೧ ಮತ್ತು ೧೯೬೨ರ ಏಷ್ಯನ್ ಕ್ರೀಡೆಗಳಲ್ಲಿ ಭಾರತಕ್ಕೆ ಚಿನ್ನ ಗೆದ್ದುಕೊಟ್ಟರು. ೧೯೫೬ರ ಮೆಲ್ಬೋರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೇರಿತು. ೧೯೬೩ರ ಜೂನ್ ೧೧ರಂದು, ಜಕಾರ್ತಾದ ವಿಜಯಕ್ಕೆ ಒಂದು ವರ್ಷವೂ ತುಂಬುವ ಮೊದಲು, ಕ್ಯಾನ್ಸರಿನಿಂದ ತೀರಿಕೊಂಡರು.

ಎರಡನೆಯ ಸಲ ಗಂಜಿಗೆ ಹೋದಾಗ ಮುನೀಮರು ಇನ್ನೊಂದು ಮಾತು ಹೇಳಿದರು. “ರಹೀಂ ಸಾಹೇಬರ ಮಗ ಹಕೀಂ ಸಾಹೇಬರು ಎಲ್ಲಿ ತೀರ್ಕೊಂಡ್ರು ಗೊತ್ತೇನ್ರಿ ಸರ? ಹೈದರಾಬಾದಿನ್ಯಾಗಲ್ಲ. ಇಲ್ಲೇ, ನಮ್ಮ ಊರಾಗ!”

ನಾನು ಬೆರಗಾದೆ. ನಿಜ. ಸೈಯದ್ ಶಾಹಿದ್ ಹಕೀಂ ೨೦೨೧ರ ಆಗಸ್ಟ್ ೨೨ರಂದು, ತಮ್ಮ ಎಂಬತ್ತೆರಡನೆಯ ವಯಸ್ಸಿನಲ್ಲಿ, ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಕೊನೆಯುಸಿರೆಳೆದರು. ಆಗ ನಾನು ಈ ಊರಿನಲ್ಲಿಯೇ ಇದ್ದೆ. ಪತ್ರಿಕೆಯಲ್ಲಿ ಬಂದ ಆ ಸುದ್ದಿಯ ಮೇಲೆ ಕಣ್ಣು ಹಾಯಿಸಿ ಪುಟ ತಿರುವಿರಬೇಕು.

ಹಕೀಮರ ಜೀವನವನ್ನು ಓದುತ್ತ ಹೋದಂತೆ ನನ್ನ ಮನಸ್ಸು ಒಂದು ಕಡೆ ನಿಂತಿತು. ೧೯೬೦ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಅವರಿದ್ದರು. ತಂಡದ ಗುರುಗಳು ಅವರ ತಂದೆಯೇ. ಆದರೂ ಒಂದೇ ಒಂದು ಪಂದ್ಯದಲ್ಲಿಯೂ ಅವರು ಕಣಕ್ಕಿಳಿಯಲಿಲ್ಲ. ೧೯೬೨ರ ಜಕಾರ್ತಾ ತಂಡದಲ್ಲಿ ಅವರಿಗೆ ಸ್ಥಾನವೇ ದೊರೆಯಲಿಲ್ಲ. ಆ ತಂಡ ಚಿನ್ನ ಗೆದ್ದು ಬಂದಿತು. ಅಪ್ಪನೇ ಗುರುವಾಗಿದ್ದರೆ ಮಗನಿಗೆ ದಾರಿ ಸುಲಭವೆಂದು ನಾವು ತಿಳಿಯುತ್ತೇವೆ. ಆ ಮನೆಯಲ್ಲಿ ಅಂದು ಊಟದ ಹೊತ್ತಿಗೆ ಅಪ್ಪ ಮಕ್ಕಳು ಏನು ಮಾತಾಡಿಕೊಂಡಿರಬಹುದು!

ಇನ್ನೊಬ್ಬರಾಗಿದ್ದರೆ ಆಟವನ್ನೇ ಬಿಟ್ಟುಬಿಡುತ್ತಿದ್ದರೇನೋ. ಹಕೀಂ ಬಿಡಲಿಲ್ಲ. ವಾಯುಪಡೆಯಲ್ಲಿ ಅಧಿಕಾರಿಯಾಗಿದ್ದುಕೊಂಡು ಸರ್ವಿಸಸ್ ತಂಡಕ್ಕೆ ಆಡಿದರು. ಆಮೇಲೆ ಸೀಟಿ ಹಿಡಿದು ಅಂತರರಾಷ್ಟ್ರೀಯ ಮಟ್ಟದ ರೆಫರಿಯಾದರು. ೧೯೮೨ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಪಿ. ಕೆ. ಬ್ಯಾನರ್ಜಿಯವರ ಸಹಾಯಕರಾಗಿ ಭಾರತ ತಂಡಕ್ಕೆ ತರಬೇತಿಯಿತ್ತರು. ಅವರು ಪಳಗಿಸಿದ ಮಹೀಂದ್ರ ತಂಡ ಡ್ಯೂರಾಂಡ್ ಕಪ್ ಗೆದ್ದಿತು. ೨೦೧೭ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದಿತು. ಒಲಿಂಪಿಕ್ಸ್‌ನಲ್ಲಿ ಒಂದು ನಿಮಿಷವೂ ಆಡದವರು ಐವತ್ತು ವರ್ಷಗಳಿಗೂ ಮಿಕ್ಕಿ ಆ ಆಟದ ಸೇವೆ ಮಾಡಿದರು. ಕೆಂಪು ಅಂಗಿಯ ನನ್ನ ಶಿಷ್ಯನ ಲೆಕ್ಕದಲ್ಲಿ, ದೇಶದ ಪರವಾಗಿ ಒಲಿಂಪಿಕ್ಸ್‌ನಲ್ಲಿ ಅವರ ಆಟ ಸೊನ್ನೆ. ಇಂಥವರ ದೀರ್ಘಸೇವೆಯನ್ನು ಯಾವ ಅಂಕಿಯಿಂದ ಅಳೆಯುವುದು?

ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಫೆಬ್ರವರಿಯ ಒಂದು ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ವಾಡಿ, ರಾಯಚೂರು, ಗುಂತಕಲ್ಲು ದಾಟಿ ಬೆಳಗಾಗುವ ಹೊತ್ತಿಗೆ ಬೆಂಗಳೂರು ಹತ್ತಿರವಾಗಿತ್ತು. ಸಂದರ್ಶನ ಬೆಳಿಗ್ಗೆಯೇ ಮುಗಿಯಿತು, ಚೆನ್ನಾಗಿಯೇ ನಡೆಯಿತು. ಹಿಂದಿರುಗುವ ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಬೆಂಗಳೂರಿನ ಹಳೆಯ ಕಾಲ್ಚೆಂಡಿನ ಕೇರಿಗಳನ್ನು ನೋಡಿಬರೋಣವೆಂದು ಹೊರಟೆ.

ಬೆಂಗಳೂರೆಂದರೆ ಕ್ರಿಕೆಟ್ಟು ಎಂದುಕೊಂಡವರು ಒಮ್ಮೆ ಹಲಸೂರಿನ ಬಳಿಯ ಗೌತಮಪುರಕ್ಕೆ ಹೋಗಬೇಕು. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಪ್ರತಿಮೆಗಳ ಜೊತೆಯಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿರುವ ಕೇರಿಯದು. ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳಲ್ಲಿಯೂ ಸಂಜೆಯಾದರೆ ಮಕ್ಕಳ ಕಾಲಲ್ಲಿ ಚೆಂಡು. ದಂಡಿನ ಸೈನಿಕರಿಂದ ಕಲಿತ ಈ ಆಟದಲ್ಲಿ ಇಲ್ಲಿಯವರು ಬಹುಬೇಗ ಗುರುವನ್ನು ಮೀರಿದರು. ಸೇನೆಯ ತಂಡಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು ೧೯೩೭ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತು. ಮರುವರ್ಷ ಮತ್ತೊಮ್ಮೆ ಗೆದ್ದಿತು.

ಆ ಸಂಘದಲ್ಲಿ ಆಡಿ ಬೆಳೆದವರು ಅಹಮದ್ ಖಾನ್. ಹುಟ್ಟಿದ್ದು ೧೯೨೬ರಲ್ಲಿ, ಬೆಂಗಳೂರಿನಲ್ಲಿ. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಬರಿಗಾಲಿನಲ್ಲಿ ಆಡಿದ ಭಾರತ ತಂಡದಲ್ಲಿ ಅವರಿದ್ದರು. ಪಂದ್ಯವನ್ನು ೨-೧ರಿಂದ ಕಳೆದುಕೊಂಡರೂ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನವರೇ ಆದ ಎಸ್. ರಾಮನ್. ೧೯೫೨ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮ ಮೇಲೆ ಹತ್ತು ಗೋಲುಗಳನ್ನು ಹೇರಿತು. ಅಂದು ನಮ್ಮ ಒಂದೇ ಗೋಲು ಅಹಮದ್ ಖಾನರದು. ಹತ್ತು ಗೋಲು ಹೊಡೆಸಿಕೊಂಡ ಮೇಲೂ ಆಟ ಮುಗಿಯುವ ಹೊತ್ತಿಗೆ ಒಂದನ್ನು ಹೊಡೆಯಬೇಕೆನ್ನಿಸುವುದಕ್ಕೆ ಎಂಥ ಎದೆ ಬೇಕು!

೧೯೪೯ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದರು. ಅದೇ ವರ್ಷ ಆ ಸಂಘ ಕಲ್ಕತ್ತೆಯ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಎಂಬ ಐವರು ಮುಂಪಡೆಯ ಆಟಗಾರರನ್ನು ವಂಗದೇಶದವರು ‘ಪಂಚಪಾಂಡವ’ರೆಂದು ಕರೆದರು. ಐವರೂ ದಕ್ಷಿಣದವರು, ಧನರಾಜ್ ಕೂಡ ಬೆಂಗಳೂರಿನವರೇ. ಉಳಿದ ಪಾಂಡವರು ಒಬ್ಬೊಬ್ಬರಾಗಿ ಚದುರಿದರು. ಚೆಂಡನ್ನು ಹಾವಿನಂತೆ ಆಡಿಸುವವರೆಂದು ಹಾವಾಡಿಗನೆಂಬ ಬಿರುದು ಪಡೆದ ಅಹಮದ್ ಖಾನ್ ಹತ್ತು ವರ್ಷ, ೧೯೫೯ರವರೆಗೆ, ಆ ಕೆಂಪು ಹಳದಿ ಅಂಗಿಯನ್ನು ಬಿಡಲಿಲ್ಲ. ೨೦೧೭ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ವರ್ಷ.

ಕಲ್ಕತ್ತೆಯ ದಾರಿ ಹಿಡಿದ ನಮ್ಮವರು ಇನ್ನೂ ಇದ್ದಾರೆ. ಕೆಂಪಯ್ಯ ೧೯೫೬ ಮತ್ತು ೧೯೬೦ರ ಎರಡು ಒಲಿಂಪಿಕ್ಸ್‌ಗಳಲ್ಲಿ ಆಡುವ ಭಾಗ್ಯ ಪಡೆದವರು. ಮೋಹನ್ ಬಗಾನಿನ ನಡುಪಡೆಯ ಆಧಾರವಾಗಿದ್ದವರು. ಬೆಂಗಳೂರಿನ ಅರುಮೈನಾಯಗಂ ೧೯೬೨ರಲ್ಲಿ ರಹೀಮರ ಚಿನ್ನದ ತಂಡದಲ್ಲಿದ್ದವರು, ಅವರೂ ಮೋಹನ್ ಬಗಾನಿಗೆ ದುಡಿದವರು. ಇಲ್ಲಿ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ೧೯೫೬ರ ನವೆಂಬರ್ ೧ರಂದು ಮೈಸೂರೂ ಕಲಬುರಗಿಯೂ ಒಂದು ರಾಜ್ಯವಾದವು. ಅದೇ ಚಳಿಗಾಲದಲ್ಲಿ ಮೆಲ್ಬೋರ್ನಿನ ಮೈದಾನದಲ್ಲಿ ಮೈಸೂರಿನ ಕೆಂಪಯ್ಯನವರೂ, ಅಲ್ಲಿಯವರೆಗೆ ನಮ್ಮ ರಾಜಧಾನಿಯಾಗಿದ್ದ ಹೈದರಾಬಾದಿನ ನೂರ್ ಮಹಮ್ಮದರೂ ಒಂದೇ ತಂಡದಲ್ಲಿದ್ದರು. ಈ ಮಾತನ್ನು ನಮ್ಮ ಯಾವ ರಾಜ್ಯೋತ್ಸವದ ಭಾಷಣದಲ್ಲಿಯೂ ನಾನು ಕೇಳಿರಲಿಲ್ಲ. ಅಂಥ ಭಾಷಣಗಳನ್ನು ಮಾಡಿದವರಲ್ಲಿ ನಾನೂ ಒಬ್ಬ.

ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲಿನ ಮೇಲೆ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತೆ. ಅವರೂ ಕಾರ್ಖಾನೆಯೊಂದರ ತಂಡದಲ್ಲಿ ಹದಿನೆಂಟು ವರ್ಷ ಆಡಿದ್ದವರಂತೆ. “ಒಂದೇ ತಂಡದಲ್ಲಿ ಇಷ್ಟು ವರ್ಷ ಹೇಗೆ ಉಳಿದಿರಿ ಸಾರ್?” ಎಂದು ಕೇಳಿದೆ. ಅವರು ನನ್ನನ್ನು ಮರುಕದಿಂದ ನೋಡಿದರು. “ಉಳಿದೆ ಅಂತೇನಿಲ್ಲ ಸ್ವಾಮಿ. ಆಟ ಆಡ್ತೀನಿ ಅಂತ ಕೆಲಸ ಕೊಟ್ರು. ಮನೇಲಿ ಐದು ಜನ. ಕೆಲಸ ಬಿಡೋಕಾಗುತ್ತಾ? ಕೆಲಸ ಬಿಡಲಿಲ್ಲ, ಅದಕ್ಕೇ ಟೀಮೂ ಬಿಡಲಿಲ್ಲ. ಕಲ್ಕತ್ತೆಯಿಂದ ಒಂದು ಸಲ ಕರೆದಿದ್ರು” ಎಂದು ಹೇಳಿ ಆಟದ ಕಡೆಗೆ ಮುಖ ತಿರುಗಿಸಿದರು.

ಆ ಉತ್ತರದಿಂದ ನನ್ನ ಉತ್ಸಾಹಕ್ಕೆ ತಣ್ಣೀರೆರಚಿದಂತಾಯಿತು. ದೀರ್ಘಸೇವೆಯೆಂದು ನಾನು ಕೊಂಡಾಡಲು ಹೊರಟದ್ದು 'ಬೇರೆ ದಾರಿಯಿಲ್ಲ' ಎಂಬುದರ ಇನ್ನೊಂದು ಹೆಸರೇ ಏನು? ರಾತ್ರಿಯ ರೈಲಿನಲ್ಲಿ ಕುಳಿತು ಇಂಗ್ಲೆಂಡಿನ ಹಳೆಯ ಆಟಗಾರರ ಕಥೆಗಳನ್ನು ನೆನೆದುಕೊಂಡೆ. ಟಾಮ್ ಫಿನ್ನಿ ಎಂಬ ಮಹಾ ಆಟಗಾರ ೧೯೪೬ರಿಂದ ೧೯೬೦ರವರೆಗೆ ಪ್ರೆಸ್ಟನ್ ನಾರ್ತ್ ಎಂಡ್ ಸಂಘವೊಂದಕ್ಕೇ ಆಡಿದ. ಲೀಗಿನಲ್ಲಿ ೪೩೩ ಪಂದ್ಯ, ೧೮೭ ಗೋಲು. ಜೊತೆಗೆ ನಲ್ಲಿ ಕೊಳಾಯಿಗಳ ಕೆಲಸವನ್ನೂ ಮಾಡಿಕೊಂಡಿದ್ದ. ೧೯೫೨ರಲ್ಲಿ ಇಟಲಿಯ ಪಲೆರ್ಮೋ ಸಂಘ ಭಾರಿ ಹಣದ ಆಸೆ ತೋರಿಸಿ ಕರೆಯಿತು. ಪ್ರೆಸ್ಟನ್ನಿನವರು ಬಿಡಲಿಲ್ಲ. ಆ ಕಾಲದ ಕಟ್ಟಳೆಯಂತೆ ಸಂಘ ಒಪ್ಪದೆ ಆಟಗಾರ ಹೊರಡುವಂತಿರಲಿಲ್ಲ. ಸಂಬಳಕ್ಕೂ ಗರಿಷ್ಠ ಮಿತಿಯಿದ್ದಿತು. ವಾರಕ್ಕೆ ೨೦ ಪೌಂಡಿಗೇರಿದ್ದ ಆ ಮಿತಿಯನ್ನು ತೆಗೆದುಹಾಕಿದ್ದು ೧೯೬೧ರ ಜನವರಿಯಲ್ಲಿ. ಅಂದರೆ ಅಲ್ಲಿಯವರನ್ನು ಕಟ್ಟಿಹಾಕಿದ್ದು ಕಾಯಿದೆ. ನಮ್ಮವರನ್ನು ಕಟ್ಟಿಹಾಕಿದ್ದು ನೌಕರಿ.

ಈಗಿನ ಕಾಲ ಬೇರೆ. ಸುನೀಲ್ ಛೇತ್ರಿಯಂಥವರು ಬೇಕಾದ ಕಡೆಗೆ ಹೋಗಬಹುದಾಗಿದ್ದರೂ ೨೦೧೩ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದು ಹತ್ತು ವರ್ಷಗಳಿಗೂ ಮೀರಿ ಅಲ್ಲಿ ಆಡಿದರು. ಅದು ಮನಸ್ಸಾರೆ ಆರಿಸಿಕೊಂಡದ್ದು. ಹಾಗಾದರೆ ಕಟ್ಟಿಗೆ ಒಳಗಾಗಿ ಉಳಿದವರ ಸೇವೆ ಅದಕ್ಕಿಂತ ಕಡಮೆಯದೆ?

ಮರಳಿ ಬಂದ ಮೂರನೆಯ ದಿನ ಬೆಂಗಳೂರಿನ ಕಾಲೇಜಿನಿಂದ ನೇಮಕದ ಪತ್ರ ಬಂದಿತು. ಹದಿನೈದು ದಿನಗಳಲ್ಲಿ ಉತ್ತರ ಕೊಡಬೇಕು. ನಾನು ಸಂಜೆ ಗಂಜಿಗೆ ಹೋದೆ. ವಹಿವಾಟು ಮುಗಿದಿತ್ತು. ಹಮಾಲರು ಖಾಲಿ ಚೀಲಗಳನ್ನು ಹಾಸಿಕೊಂಡು ಕಟ್ಟೆಯ ಮೇಲೆ ಕಾಲು ಚಾಚಿದ್ದರು. ಮುನೀಮರು ಕಮಲಾಪುರದ ಎರಡು ಕೆಂಪು ಬಾಳೆಹಣ್ಣನ್ನು ನನ್ನ ಮುಂದಿಟ್ಟರು. ನಾನು ಅಶೋಕನಗರದ ಹಿರಿಯರ ಮಾತನ್ನೂ ಫಿನ್ನಿಯ ಕಥೆಯನ್ನೂ ಹೇಳಿ, “ಕಾಕಾ, ನೀವು ಅರವತ್ತಾರು ವರ್ಷ ಈ ಗಾದಿಯ ಮೇಲೆ ಕುಳಿತದ್ದು ಮನಸ್ಸಿನಿಂದಲೋ, ಬೇರೆ ದಾರಿಯಿಲ್ಲದೆಯೋ?” ಎಂದು ಕೇಳಿಯೇಬಿಟ್ಟೆ. ಕೇಳಿದ ಮೇಲೆ ನಾಚಿಕೆಯಾಯಿತು.

ಮುನೀಮರಿಗೆ ಬೇಸರವಾಗಲಿಲ್ಲ. “ಖರೇ ಹೇಳ್ಲೇನ್ರಿ ಸರ? ದಾರಿ ಇದ್ದಿಲ್ಲ. ಮೂರು ಮಂದಿ ತಂಗೇರ ಲಗ್ನ ಮಾಡಬೇಕಿತ್ತು. ಹೈದರಾಬಾದಿನ್ಯಾಗ ಮಾವ ನೌಕರಿ ನೋಡಿದ್ದ; ಹೋಗ್ಲಿಕ್ಕಾಗಲಿಲ್ಲ. ಆದ್ರ ಈ ಖಾತೆ ನೋಡ್ರಿ. ಅರವತ್ತಾರು ವರ್ಷದಾಗ ಒಂದು ಪೈಸಾ ಹಿಂದಮುಂದ ಆಗಿಲ್ಲ. ಇಲ್ಲಿ ಕೂಡಿಸಿದ್ದು ನಸೀಬು. ಲೆಕ್ಕಾ ಬರದದ್ದು ನಾನು. ನಸೀಬಿಗೂ ನನಗೂ ಖಾತೆ ಬ್ಯಾರೆ ಬ್ಯಾರೆ ಅದಾವ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಕೇಳಿದರು: “ನಿಮ್ಮದೇನ್ರಿ ಸರ? ಹೋಗ್ತೀರಂತ ಈ ಹುಡುಗ ಹೇಳಿದ.” ನಾನು ಉತ್ತರ ಹೇಳದೆ ಬಾಳೆಹಣ್ಣು ಸುಲಿಯತೊಡಗಿದೆ. “ಹೋಗೂದಿದ್ರ ಹೋಗ್ರಿ. ಅದರಾಗ ತಪ್ಪೇನದ? ಆ ಅಹಮದ್ ಖಾನ್ ಬೆಂಗಳೂರು ಬಿಟ್ಟು ಕಲ್ಕತ್ತಾಕ್ಕ ಹೋದ್ರು ಅಂದ್ರಿ. ಹೋದ ಮ್ಯಾಲ ಪೂರಾ ಅಲ್ಲೇ ಆಡಿದ್ರು. ಇರೂದಿದ್ರ ಪೂರಾ ಇರ್ರಿ. ಅರ್ಧಾ ಮಾತ್ರ ಇರಬ್ಯಾಡ್ರಿ. ಹಕೀಂ ಸಾಹೇಬರು ಆಡ್ಲಿಕ್ಕ ಸಿಗಲಿಲ್ಲಂದ್ರೂ ಅರ್ಧಾ ಇರಲಿಲ್ಲ.”

ನನ್ನ ಮಂಚದ ಕೆಳಗಿನ ಟ್ರಂಕಿನ ಸಂಗತಿ ಈ ಮುದುಕರಿಗೆ ಯಾರು ಹೇಳಿದರೆಂದು ಒಂದು ಕ್ಷಣ ಗಾಬರಿಯಾಯಿತು.

ಏಳು ವರ್ಷ ಪಾಠ ಹೇಳಿದ್ದೇನೆ, ದಿಟ. ಆದರೆ ಈ ಊರಿನ ಒಬ್ಬ ಆಟಗಾರನ ಹೆಸರನ್ನು ಕೇಳಲಿಲ್ಲ. ನೂತನ ವಿದ್ಯಾಲಯದ ಮೈದಾನದಲ್ಲಿ ಸಂಜೆ ಆಡುವ ನನ್ನದೇ ವಿದ್ಯಾರ್ಥಿಗಳನ್ನು ನಿಂತು ನೋಡಲಿಲ್ಲ. ಒಲಿಂಪಿಕ್ಸ್ ತಂಡದ ಆಟಗಾರರೊಬ್ಬರು ಇಲ್ಲಿಯೇ ಕಣ್ಮುಚ್ಚಿದರೆ ಪುಟ ತಿರುವಿ ಹಾಕಿದೆ. ನನ್ನ ಸೇವೆಯ ವರ್ಷಗಳನ್ನು ಯಾರಾದರೂ ಲೆಕ್ಕ ಹಾಕಿದರೆ ಏಳು ಎಂದು ಬರೆಯುವುದು ತಪ್ಪಾದೀತು.

ಮನೆಗೆ ಬಂದು ನನ್ನಾಕೆಗೆ ಎಲ್ಲವನ್ನೂ ಹೇಳಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹೋದರೂ ಸರಿ, ಇದ್ದರೂ ಸರಿ. ಆ ಟ್ರಂಕನ್ನಂತೂ ಬಿಚ್ಚಿಬಿಡಿ. ಅದರ ಕೆಳಗೆ ಗುಡಿಸಿ ಗುಡಿಸಿ ನನಗೆ ಸಾಕಾಗಿದೆ” ಎಂದಳು. ಆ ರಾತ್ರಿಯೇ ಬಿಚ್ಚಿದೆ. ಎರಡು ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತು. ಬೆಂಗಳೂರಿನ ಕಾಲೇಜಿಗೆ ವಿನಯದಿಂದ ಒಂದು ಪತ್ರ ಬರೆದೆ. ಮುಂದಿನ ಕೆಲವು ದಿನ ಕಾಫಿ ತುಸು ನೀರಾಗಿ ಬಂದುದು ನಿಜ, ಈಗ ಸರಿಹೋಗಿದೆ.

ದೀಪಾವಳಿಯ ಪಾಡ್ಯದಂದು ಗಂಜಿನ ಅಂಗಡಿಗಳಲ್ಲಿ ಹೊಸ ಖಾತೆಗೆ ಪೂಜೆ. ಈ ಸಲ ಮುನೀಮರು ತಮ್ಮ ಗಾದಿಯನ್ನು ಬಿಟ್ಟುಕೊಟ್ಟರು, ಕಣ್ಣು ಸಾಲದೆಂದರು. ಮಕ್ಕಳ ಜೊತೆ ಕಮಲಾಪುರದಲ್ಲಿರುತ್ತೇನೆ, ಬಾಳೆಯ ತೋಟ ನೋಡಲು ಬರಬೇಕೆಂದು ಕರೆದರು. ಹೊರಡುವಾಗ ಕೆಂಪು ಬಟ್ಟೆಯ ಹೊದಿಕೆಯ ಹೊಸ ಖಾತೆ ಪುಸ್ತಕವೊಂದನ್ನು ನನ್ನ ಶಿಷ್ಯನ ಕೈಗಿಟ್ಟರು. “ವಿಲಾಯತಿ ಮಂದೀದು ಎಲ್ಲಾ ಬಾಯಿಪಾಠ ಮಾಡೀದಿ. ಇದರಾಗ ನಮ್ಮವ್ರದು ಬರಿ” ಎಂದರು.

ಹುಡುಗ ಬರೆಯುತ್ತಿದ್ದಾನೆ. ಮೊದಲ ಪುಟದಲ್ಲಿ ಸೈಯದ್ ಶಾಹಿದ್ ಹಕೀಮರ ಹೆಸರಿದೆ. ಎದುರಿಗೆ ಪಂದ್ಯಗಳ ಸಂಖ್ಯೆಯ ಬದಲು ವರ್ಷಗಳಿವೆ. ಎರಡನೆಯ ಪುಟದಲ್ಲಿ ಅಹಮದ್ ಖಾನ್, ಮೂರರಲ್ಲಿ ನೂರ್ ಮಹಮ್ಮದ್. ೨೦೨೩ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದಿನಲ್ಲಿ ಮೇಘಾಲಯವನ್ನು ಸೋಲಿಸಿ, ೧೯೬೮-೬೯ರ ನಂತರ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದುದನ್ನು ಇನ್ನೊಂದು ಪುಟದಲ್ಲಿ ಬರೆದಿದ್ದಾನೆ. ಈಗ ಭಾನುವಾರಗಳಂದು ನಾವಿಬ್ಬರೂ ಊರಿನಲ್ಲಿ ಹಳೆಯ ಆಟಗಾರರ ಮನೆಗಳನ್ನು ಹುಡುಕುತ್ತ ಹೋಗುತ್ತೇವೆ. ಕೆಲವರು ಒಳಗೆ ಕರೆದು ಚಹಾ ಕೊಡುತ್ತಾರೆ. ಇನ್ನು ಕೆಲವರು, ಯಾವ ಸಾಲದ ವಸೂಲಿಗೆ ಬಂದವರೋ ಎಂದು ಕೆಂಪು ಪುಸ್ತಕವನ್ನೇ ಅನುಮಾನದಿಂದ ನೋಡುತ್ತಾರೆ.

ಓದುಗರೇ, ನಿಮ್ಮ ಬೀದಿಯಲ್ಲಿಯೂ ಒಬ್ಬರಿರಬಹುದು. ಕಾರ್ಖಾನೆಯ ತಂಡಕ್ಕೋ, ಪೊಲೀಸ್ ತಂಡಕ್ಕೋ, ಊರಿನ ಸಂಘಕ್ಕೋ ಇಪ್ಪತ್ತು ವರ್ಷ ಆಡಿ, ಈಗ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಜಗಲಿಯ ಮೇಲೆ ಕುಳಿತವರು. ಎಷ್ಟು ಗೋಲು ಹೊಡೆದಿರಿ ಎಂದು ಅವರನ್ನು ಕೇಳಬೇಡಿ. ಎಷ್ಟು ವರ್ಷ ಆಡಿದಿರಿ ಎಂದು ಕೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಮುಂದಿನ ಕಥೆಯನ್ನು ಅವರೇ ಹೇಳುತ್ತಾರೆ. ಇನ್ನು, ಕಲಬುರಗಿಗೆ ಬಂದಾಗ ಗುಡಿ, ದರ್ಗಾ, ಕೋಟೆಗಳನ್ನು ನೋಡಿ ಮುಗಿಸಿದ ಮೇಲೆ ಒಂದು ಗಂಟೆ ನೆಹರು ಗಂಜಿಗೂ ಬನ್ನಿ. ಸುಗ್ಗಿಯ ಕಾಲವಾದರೆ ಇನ್ನೂ ಒಳ್ಳೆಯದು.